ಅಪ್ಪನ ಗಂಟಲು

ನಮ್ಮ ಕಡೆ ಮುದ್ದೆಯನ್ನು ಅಗಿಯುವವರಿಲ್ಲ. ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಗಿಟ್ಟು ಸೀದಾ ನುಂಗುವುದು. ಅಪ್ಪ ಮೂವತ್ತೊಂದು ವರ್ಷ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಬೆಳಗಿನ ಜಾವ ಡಿಪೋಗೆ ಹೊರಡುವ ಮುಂಚೆ ಅಮ್ಮ ಮಾಡಿಟ್ಟ ಬಿಸಿ ಮುದ್ದೆಯನ್ನು ಐದೇ ನಿಮಿಷದಲ್ಲಿ ಮುಗಿಸಿ, ಮೇಲೊಂದು ಲೋಟ ಮಜ್ಜಿಗೆ ಕುಡಿದು ಕೈ ತೊಳೆಯುತ್ತಿದ್ದರು. ಅಂಥವರಿಗೆ ಒಂದು ಚಮಚ ನೀರು ನುಂಗಲು ಬರುವುದಿಲ್ಲ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಯಾರೂ ಹೇಳಲೂ ಇಲ್ಲ. ಆ ಒಂದು ಚಮಚ ನೀರನ್ನು ನಾನೇ ಹಾಕಿ ತಿಳಿದುಕೊಂಡೆ.

2023ರ ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ಬೆಳಿಗ್ಗೆ ಆರೂವರೆಗೆ ಹಿತ್ತಿಲಲ್ಲಿ ಕನ್ನಡಿ ನೇತುಹಾಕಿಕೊಂಡು ಗಡ್ಡ ಹೆರೆಯುತ್ತಿದ್ದ ಅಪ್ಪನ ಬಲಗೈಯಿಂದ ರೇಜರ್ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವರು ಅಲ್ಲೇ ಕುಸಿದರು. ಅಮ್ಮ ಓಡಿ ಬಂದಾಗ ಬಾಯಿ ಒಂದು ಕಡೆಗೆ ಎಳೆದಿತ್ತು. ‘ಏನಾಯ್ತ್ರೀ?’ ಅಂದರೆ ‘ಅದೇ... ಅದೇ...’ ಅಂದರಂತೆ. ಬಿಪಿ ಇಳಿದಿರಬೇಕು, ಗ್ಯಾಸ್ ಇರಬೇಕು ಎಂದು ಊರಿನಲ್ಲೇ ಒಂದಿಷ್ಟು ಹೊತ್ತು ಕಳೆದು, ನಂಜನಗೂಡಿನಿಂದ ಮೈಸೂರಿನ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಹನ್ನೆರಡು ಗಂಟೆ. ನಾಲ್ಕೂವರೆ ಗಂಟೆಯೊಳಗೆ ಬಂದಿದ್ದರೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದಿತ್ತು ಎಂದರು ಡಾಕ್ಟರು. ಆಗಿದ್ದದ್ದು ಸ್ಟ್ರೋಕ್. ಮಿದುಳಿನ ಎಡಭಾಗಕ್ಕೆ ರಕ್ತ ಹರಿಯುವುದು ನಿಂತಿತ್ತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಮಾತು ಹೋಗಿತ್ತು.

ಮೂರನೆಯ ದಿನ ಅಪ್ಪ ಚೆನ್ನಾಗಿ ಕಣ್ಣು ಬಿಟ್ಟರು. ತುಟಿ ಒಣಗಿ ಬಿರಿದಿತ್ತು. ನೋಡಲು ಬಂದ ಪ್ರತಿಯೊಬ್ಬರದೂ ಒಂದೇ ಮಾತು: ‘ಒಂದ್ ಗುಟುಕು ನೀರಾದ್ರೂ ಹಾಕವ್ವ.’ ಹಾಸಿಗೆ ಹಿಡಿದವರ ಬಾಯಿಗೆ ನೀರು ಬಿಡುವುದು ನಮ್ಮಲ್ಲಿ ಮಕ್ಕಳು ಮಾಡಬೇಕಾದ ಮೊದಲ ಕೆಲಸ. ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ನಾನು ಚಮಚದಲ್ಲಿ ನೀರು ಹಾಕಿದೆ. ಅಪ್ಪ ಕೆಮ್ಮಲಿಲ್ಲ. ಕೆಮ್ಮದೇ ಇದ್ದದ್ದಕ್ಕೆ ಇನ್ನೂ ಐದಾರು ಚಮಚ ಹಾಕಿದೆ. ಆಮೇಲೆ ಅವರು ‘ಅದೇ’ ಅಂದಾಗ ಗಂಟಲಲ್ಲಿ ನೀರು ಕುದಿಯುವ ಹಾಗೆ ಗೊರಗೊರ ಸದ್ದು ಬಂತು. ಕಫ ಇರಬೇಕು ಅಂದುಕೊಂಡೆ. ಮರುದಿನ ಸಂಜೆ ಜ್ವರ. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಗಿನ ಭಾಗ ಬೆಳ್ಳಗೆ ಕಂಡಿತು. ನ್ಯುಮೋನಿಯಾ. ನಾನು ಹಾಕಿದ ನೀರು ಹೊಟ್ಟೆಗೆ ಹೋಗಿರಲಿಲ್ಲ.

ಆ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಜೀವ ಉಳಿಸಿದವರೂ ಅವರೇ. ಆದರೆ ಮೂರು ದಿನ ಅಪ್ಪನ ಬಿಪಿ, ಶುಗರ್, ಇಸಿಜಿ ಎಲ್ಲವನ್ನೂ ನೋಡಿದವರಲ್ಲಿ ಒಬ್ಬರೂ ‘ಬಾಯಿಗೆ ಏನೂ ಹಾಕಬೇಡಿ, ನುಂಗುವುದನ್ನು ಇನ್ನೂ ಪರೀಕ್ಷೆ ಮಾಡಿಲ್ಲ’ ಎಂದು ಹೇಳಲಿಲ್ಲವಲ್ಲ ಎನ್ನುವ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ. ಸ್ಟ್ರೋಕ್ ಆದವರ ಬಾಯಿಗೆ ನೀರಿರಲಿ, ಕಾಫಿಯಿರಲಿ, ಮಾತ್ರೆಯೇ ಇರಲಿ, ಹಾಕುವ ಮುಂಚೆ ಆ ಪರೀಕ್ಷೆ ಆಗಲೇಬೇಕು. ಹಾಸಿಗೆಯ ಪಕ್ಕದಲ್ಲೇ ಕೆಲವೇ ನಿಮಿಷದಲ್ಲಿ ಮುಗಿಯುವ ಕೆಲಸ ಅದು. ಇದನ್ನು ಓದುತ್ತಿರುವವರು ಬೇರೆಲ್ಲ ಮರೆತರೂ ಪರವಾಗಿಲ್ಲ, ಕೇಳುವುದನ್ನು ಮಾತ್ರ ಮರೆಯಬೇಡಿ.

ಆರನೆಯ ದಿನ ಒಬ್ಬ ಸ್ಪೀಚ್ ಥೆರಪಿಸ್ಟ್ ಮೇಡಮ್ ಬಂದರು. ನನಗೆ ಗೊಂದಲ. ಮೂಗಿನಲ್ಲಿ ಊಟದ ಪೈಪು, ಮೈಯಲ್ಲಿ ಜ್ವರ, ಈಗ ಮಾತು ಕಲಿಸಲು ಬಂದಿದ್ದಾರಲ್ಲ ಅನ್ನಿಸಿತು. ಅವರು ಮಾತಿನ ಸುದ್ದಿಯನ್ನೇ ಎತ್ತಲಿಲ್ಲ. ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿದರು. ಬಲಗೆನ್ನೆಯ ಒಳಗೆ ಏನೋ ಅಂಟಿಕೊಂಡಿತ್ತು, ಎಂದೋ ಕೊಟ್ಟ ಮಾತ್ರೆಯ ಚೂರು. ಆ ಕಡೆ ಕೆನ್ನೆಗೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಗಾಜ್ ಬಟ್ಟೆಯಿಂದ ಅದನ್ನು ತೆಗೆದು, ನಾಲಿಗೆ, ಹಲ್ಲು ಎಲ್ಲ ಒರೆಸಿದರು. ಆಮೇಲೆ ನಾಲ್ಕು ಬೆರಳನ್ನು ಅಪ್ಪನ ಗದ್ದದ ಕೆಳಗಿನಿಂದ ಗಂಟಲವರೆಗೆ ಮೆತ್ತಗೆ ಇಟ್ಟು, ‘ಅಪ್ಪಾಜಿ, ಎಂಜಲು ನುಂಗಿ ನೋಡೋಣ’ ಅಂದರು. ಕಾದರು. ಗಂಟಲಿನ ಮುಂಭಾಗದ ಉಬ್ಬು ಮೇಲೇರಿ ಇಳಿಯಬೇಕು. ಅದು ತಡವಾಗಿ, ಅರ್ಧ ಮಾತ್ರ ಏರಿತು. ಅವರು ನನ್ನ ಕೈ ಹಿಡಿದು ನನ್ನದೇ ಗಂಟಲ ಮೇಲೆ ಇಟ್ಟು ನುಂಗಲು ಹೇಳಿದರು. ನಲವತ್ತೆರಡು ವರ್ಷದಲ್ಲಿ ನನ್ನ ಗಂಟಲು ಏನು ಮಾಡುತ್ತದೆ ಎಂದು ನಾನು ಮುಟ್ಟಿ ನೋಡಿದ್ದು ಅದೇ ಮೊದಲು.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಉಸಿರಿನ ದಾರಿ, ಅನ್ನದ ದಾರಿ ಎರಡೂ ಗಂಟಲಲ್ಲಿ ಒಂದೇ ಜಾಗದಲ್ಲಿ ಸೇರುತ್ತವೆ. ನುಂಗುವ ಗಳಿಗೆಯಲ್ಲಿ ಉಸಿರು ಒಂದು ಕ್ಷಣ ನಿಲ್ಲುತ್ತದೆ, ಧ್ವನಿತಂತುಗಳು ಮುಚ್ಚಿಕೊಳ್ಳುತ್ತವೆ, ಶ್ವಾಸನಾಳದ ಮೇಲಿನ ಮುಚ್ಚಳ ಬಾಗುತ್ತದೆ, ಅನ್ನನಾಳದ ಬಾಯಿ ತೆರೆಯುತ್ತದೆ. ಇಪ್ಪತ್ತೈದಕ್ಕೂ ಹೆಚ್ಚು ಸ್ನಾಯುಗಳು ಸಾಲಾಗಿ ಕೆಲಸ ಮಾಡಬೇಕು. ಒಂದು ತಡವಾದರೂ ತುತ್ತು ದಾರಿ ತಪ್ಪುತ್ತದೆ. ಆರೋಗ್ಯವಂತರಿಗೆ ಹಾಗಾದರೆ ನೆತ್ತಿಗೇರಿ ಕೆಮ್ಮು ಬರುತ್ತದೆ. ಅಪ್ಪನಿಗೆ ಕೆಮ್ಮೂ ಬರುತ್ತಿರಲಿಲ್ಲ, ಏಕೆಂದರೆ ಒಳಗೆ ಏನೋ ಹೋಯಿತು ಎನ್ನುವುದೇ ಗಂಟಲಿಗೆ ತಿಳಿಯುತ್ತಿರಲಿಲ್ಲ. ‘ಕೆಮ್ಮಲಿಲ್ಲ ಅಂದ್ರೆ ಸರಿಯಾಗಿ ನುಂಗಿದ್ರು ಅಂತಲ್ಲ. ನುಂಗಿದ ಮೇಲೆ ಧ್ವನಿ ಒದ್ದೆ ಒದ್ದೆ ಅನ್ಸುತ್ತಾ, ಸಂಜೆ ಮೈ ಬೆಚ್ಚಗಾಗುತ್ತಾ, ಅದನ್ನ ನೋಡಿ’ ಅಂದರು. ಆ ಗೊರಗೊರ ಸದ್ದು ಏನೆಂದು ಆಗ ಗೊತ್ತಾಯಿತು.

ಜ್ವರ ಇಳಿದ ಮೇಲೆ ಬೇರಿಯಂ ಪರೀಕ್ಷೆಗೆ ಕರೆದೊಯ್ದರು. ಅಪ್ಪನನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬೇರಿಯಂ ಬೆರೆಸಿದ್ದನ್ನು ಒಂದೊಂದೇ ಚಮಚ ಕೊಡುತ್ತಾ ಎಕ್ಸ್‌ರೇಯ ವಿಡಿಯೋ ತೆಗೆದರು. ಆಮೇಲೆ ಅದನ್ನು ನಿಧಾನಗತಿಯಲ್ಲಿ ನನಗೆ ತೋರಿಸಿದರು. ನೀರಿನಂತೆ ತೆಳ್ಳಗಿದ್ದದ್ದು ನಾಲಿಗೆಯ ಹಿಂದೆ ಕಪ್ಪು ಗೆರೆಯಾಗಿ ಸರ‍್ರನೆ ಇಳಿಯಿತು. ಮುಚ್ಚಳ ಇನ್ನೂ ಬಾಗಿಯೇ ಇರಲಿಲ್ಲ. ಗೆರೆಯ ಒಂದು ಎಳೆ ಮುಂದಿನ ದಾರಿಗೆ, ಶ್ವಾಸನಾಳಕ್ಕೆ ಜಾರಿತು. ತೆರೆಯ ಮೇಲಿನ ಅಪ್ಪ ಸುಮ್ಮನೆ ಕೂತಿದ್ದರು. ಎರಡನೆಯದು ಗಂಜಿಯಷ್ಟು ಮಂದ. ಅದು ನಿಧಾನವಾಗಿ ಬಂತು, ಮುಚ್ಚಳ ತಡವಾಗಿಯಾದರೂ ಬಾಗಿತು, ಗೆರೆ ಹಿಂದಿನ ದಾರಿ ಹಿಡಿಯಿತು. ಮೂರನೆಯ ಸಲ ಗದ್ದವನ್ನು ಎದೆಯ ಕಡೆ ಬಗ್ಗಿಸಿ ನುಂಗಿಸಿದರು. ಒಂದು ಹನಿಯೂ ತಪ್ಪಲಿಲ್ಲ. ನೀರು ಓಡುತ್ತದೆ, ಗಂಜಿ ನಡೆಯುತ್ತದೆ. ಅಪ್ಪನ ಗಂಟಲಿಗೆ ನಡೆದು ಬರುವುದು ಬೇಕಿತ್ತು. ಗದ್ದ ಬಗ್ಗಿಸುವ ಉಪಾಯ ಎಲ್ಲರಿಗೂ ಹೊಂದುವುದಿಲ್ಲ, ಕೆಲವರಿಗೆ ಅದರಿಂದ ತೊಂದರೆಯೇ ಹೆಚ್ಚು, ಪರೀಕ್ಷೆಯಲ್ಲಿ ನೋಡಿದ ಮೇಲೇ ಹೇಳುವುದು ಎಂದು ಮೇಡಮ್ ಎರಡೆರಡು ಸಲ ಎಚ್ಚರಿಸಿದರು.

ಹೀಗೆ ನಮ್ಮ ಅಡುಗೆಮನೆಗೆ ಹತ್ತು ಮಿಲಿಯ ಸಿರಿಂಜ್ ಬಂತು. ಸೂಜಿ ಇಲ್ಲದ ಸಿರಿಂಜಿಗೆ ಗಂಜಿ ತುಂಬಿ, ತುದಿಯನ್ನು ಬೆರಳಿನಿಂದ ಮುಚ್ಚಿ ಹಿಡಿದು, ಬೆರಳು ತೆಗೆದು ಸರಿಯಾಗಿ ಹತ್ತು ಸೆಕೆಂಡು ಬಿಡಬೇಕು. ಒಳಗೆ ಎಷ್ಟು ಉಳಿಯಿತು ಎನ್ನುವುದರ ಮೇಲೆ ಅದು ಯಾವ ಮಟ್ಟದ ದ್ರವ ಎಂದು ತಿಳಿಯುತ್ತದೆ. ಇದಕ್ಕೆ ಜಗತ್ತಿಗೆಲ್ಲ ಒಂದೇ ಅಳತೆ, ಸೊನ್ನೆಯಿಂದ ಏಳರವರೆಗೆ. ಸೊನ್ನೆ ಅಂದರೆ ನೀರು, ಏಳು ಅಂದರೆ ನಾವು ದಿನಾ ತಿನ್ನುವ ಊಟ. ಅಪ್ಪನಿಗೆ ಹೇಳಿದ್ದು ಎರಡನೆಯ ಮಟ್ಟ: ಹತ್ತು ಸೆಕೆಂಡಿನ ನಂತರ ಸಿರಿಂಜಿನಲ್ಲಿ ನಾಲ್ಕರಿಂದ ಎಂಟು ಮಿಲಿ ಉಳಿಯಬೇಕು.

ಐವತ್ತು ವರ್ಷದಿಂದ ಕೈ ಅಳತೆಯಲ್ಲೇ ಅಡುಗೆ ಮಾಡಿದ ಅಮ್ಮ ಮೊದಲ ವಾರ ಒಲೆಯ ಮುಂದೆ ಅತ್ತರು. ರಾಗಿ ಗಂಜಿ ಒಲೆಯ ಮೇಲಿದ್ದಾಗ ಸರಿಯಾಗಿರುತ್ತಿತ್ತು, ಆರಿದರೆ ಗಟ್ಟಿಯಾಗುತ್ತಿತ್ತು. ಗಟ್ಟಿಯಾಯಿತೆಂದು ಬಿಸಿನೀರು ಬೆರೆಸಿದರೆ ಗಂಟುಗಂಟು. ಇನ್ನೊಂದು ವಿಚಿತ್ರ: ಅರ್ಧ ಬಟ್ಟಲು ಖಾಲಿಯಾಗುವ ಹೊತ್ತಿಗೆ ಉಳಿದ ಗಂಜಿ ತಾನಾಗಿ ನೀರಾಗುತ್ತಿತ್ತು. ಎಷ್ಟು ಯೋಚಿಸಿದರೂ ಕಾರಣ ತಿಳಿಯಲಿಲ್ಲ. ಮೇಡಮ್ ನಾವು ಉಣಿಸುವುದನ್ನು ನೋಡಿ ಕೂಡಲೇ ಹೇಳಿದರು. ಅಪ್ಪನ ಬಾಯಿಗಿಟ್ಟ ಚಮಚವನ್ನೇ ಮತ್ತೆ ಬಟ್ಟಲಿಗೆ ಅದ್ದುತ್ತಿದ್ದೆವು. ಎಂಜಲು ಹಿಟ್ಟನ್ನು ಕರಗಿಸುತ್ತದೆ. ಅಂದಿನಿಂದ ಸ್ವಲ್ಪ ಸ್ವಲ್ಪವೇ ಬೇರೆ ಬಟ್ಟಲಿಗೆ ಬಗ್ಗಿಸಿಕೊಂಡು ಉಣಿಸಿದೆವು. ನೀರಿಗೆ, ಹಾಲಿಗೆ ಬೆರೆಸಲು ಅಂಗಡಿಯಲ್ಲಿ ಸಿಗುವ ಗಟ್ಟಿ ಮಾಡುವ ಪುಡಿ ತಂದೆವು. ನಾವು ತಂದ ಪುಡಿ ಎಂಜಲಿಗೆ ಅಷ್ಟಾಗಿ ಕರಗುತ್ತಿರಲಿಲ್ಲ.

ಮೂಗಿನ ಪೈಪು ತೆಗೆದದ್ದು ಏಳನೆಯ ವಾರ. ಅಲ್ಲಿಂದ ಊಟ ಮೆಟ್ಟಿಲು ಮೆಟ್ಟಿಲಾಗಿ ಏರಿತು. ನಾವು ಮೃದು ಎಂದುಕೊಂಡದ್ದೆಲ್ಲ ಸುಲಭವಲ್ಲ ಎಂದು ಗೊತ್ತಾದದ್ದು ಆಗಲೇ. ಕಾಯಿಲೆಯವರಿಗೆ ನಾವು ಮೊದಲು ಕೊಡುವುದು ಅನ್ನ, ತಿಳಿಸಾರು. ಅದೇ ಎಲ್ಲಕ್ಕಿಂತ ಕಷ್ಟದ್ದು. ಬಾಯಿ ಅನ್ನವನ್ನು ಅಗಿಯುತ್ತಿರುವಾಗಲೇ ಸಾರು ಗಂಟಲಿಗೆ ಇಳಿದುಬಿಡುತ್ತದೆ. ಚಿತ್ರಾನ್ನ ಉದುರುದುರು, ಬೇಡ. ಅವಲಕ್ಕಿ ಬೇಡ. ಕಾಳಿನ ಸಿಪ್ಪೆ ಗಂಟಲಿಗೆ ಅಂಟುತ್ತದೆ, ಬೇಡ. ಮುದ್ದೆಯಂತೂ ಕಟ್ಟಕಡೆಗೆ. ಸಾರಿನಲ್ಲಿ ಪೂರ್ತಿ ನೆನೆದು, ಮೇಲಿನ ನೀರು ಬಸಿದ ಇಡ್ಲಿಗೆ ಒಪ್ಪಿಗೆ ಸಿಕ್ಕಿತು. ಚೆನ್ನಾಗಿ ಮಸೆದ ಮೊಸರನ್ನಕ್ಕೆ ಸಿಕ್ಕಿತು. ಹಲ್ಲು, ನಾಲಿಗೆ ಶುಚಿ ಮಾಡಿದ ಮೇಲೇ ಊಟ, ಊಟವಾದ ಮೇಲೆ ಅರ್ಧ ಗಂಟೆ ಕೂತೇ ಇರಬೇಕು, ಬಲಗೆನ್ನೆಯೊಳಗೆ ಬೆರಳಾಡಿಸಿ ಏನೂ ಉಳಿದಿಲ್ಲ ಎಂದು ನೋಡಬೇಕು, ಉಣ್ಣುವಾಗ ಟಿವಿ ಬೇಡ, ಮಾತು ಬೇಡ. ಒಂದು ಬಟ್ಟಲು ಊಟಕ್ಕೆ ಮುಕ್ಕಾಲು ಗಂಟೆ. ಅಪ್ಪನಿಗೆ ಗಟ್ಟಿ ಮಾಡಿದ ನೀರು ಕಂಡರೆ ಆಗುತ್ತಿರಲಿಲ್ಲ, ಮುಖ ತಿರುಗಿಸುತ್ತಿದ್ದರು. ಮೂತ್ರ ಹಳದಿಯಾಗತೊಡಗಿತು. ಗಟ್ಟಿ ನೀರಿನಲ್ಲಿ ಎಲ್ಲರಿಗೂ ಬರುವ ತೊಂದರೆ ಇದಂತೆ, ಜನ ಕುಡಿಯುವುದನ್ನೇ ಕಡಿಮೆ ಮಾಡಿಬಿಡುತ್ತಾರೆ. ಕೊನೆಗೆ ನಾಲ್ಕನೆಯ ತಿಂಗಳಲ್ಲಿ ಮೇಡಮ್ ಮತ್ತೊಮ್ಮೆ ಪರೀಕ್ಷಿಸಿ, ಊಟದ ಜತೆಗಲ್ಲದೆ, ಬಾಯಿ ಪೂರ್ತಿ ಶುಚಿಯಾಗಿರುವಾಗ ಮಾತ್ರ, ಗದ್ದ ಬಗ್ಗಿಸಿ, ಸಣ್ಣ ಸಣ್ಣ ಗುಟುಕಾಗಿ ಬರೀ ನೀರಿಗೆ ಒಪ್ಪಿದರು. ಬಾಯಿಯಲ್ಲಿನ ಕೊಳೆ ಜತೆಗೆ ಇಳಿಯದಿದ್ದರೆ ಶುದ್ಧ ನೀರಿನ ಅಪಾಯ ಕಡಿಮೆ. ಆ ಮೊದಲ ಗುಟುಕು ಬಾಯಲ್ಲಿಟ್ಟುಕೊಂಡು ಅಪ್ಪ ಕಣ್ಣು ಮುಚ್ಚಿದರು. ನುಂಗಿ, ‘ಆ’ ಎಂದರು. ಧ್ವನಿ ಒಣಗಿತ್ತು. ಆ ಒಣ ‘ಆ’ ಕೇಳಲು ನಾವು ನಾಲ್ಕು ತಿಂಗಳು ಕಾದಿದ್ದೆವು.

ಮಾತಿಗೆ ನಾವು ಹೋದದ್ದು ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. 1965ರಿಂದ ನಡೆಯುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆ ಅದು. ಅಪ್ಪನ ಬಸ್ಸು ಸಾವಿರಾರು ಸಲ ಮೈಸೂರಿಗೆ ಬಂದು ಹೋಗಿದೆ. ಹೀಗೊಂದು ಜಾಗ ಇದೆ, ಒಂದು ದಿನ ನಮಗೇ ಬೇಕಾಗುತ್ತದೆ ಎಂದು ನಮಗೆ ಗೊತ್ತಿರಲಿಲ್ಲ. ಅಲ್ಲಿ ಕಾಯುವ ಕಡೆ ದೊಡ್ಡವರಿಗಿಂತ ಮಕ್ಕಳೇ ಹೆಚ್ಚು. ಕಿವಿಯ ಮೆಷಿನ್ ಹಾಕಿಕೊಂಡ ಪುಟಾಣಿಗಳು, ಸೀಳುತುಟಿಯ ಆಪರೇಷನ್ ಆದ ಕೂಸು, ಉಗ್ಗುವ ಹೈಸ್ಕೂಲ್ ಹುಡುಗ, ಕತ್ತು ನಿಲ್ಲದ ಮಗುವನ್ನು ತೊಡೆಯ ಮೇಲೆ ನೇರ ಕೂರಿಸಿ ಚಪ್ಪಟೆ ಚಮಚದಲ್ಲಿ ಉಣಿಸಲು ಕಲಿಯುತ್ತಿದ್ದ ತಾಯಿ.

ಚಾಮರಾಜನಗರ ಕಡೆಯ ಒಬ್ಬಾಕೆ ನನಗೆ ಅಲ್ಲಿ ಹತ್ತಿರವಾದಳು. ಮಗನಿಗೆ ಮೂರೂವರೆ ವರ್ಷ, ‘ಅಮ್ಮ’ ಬಿಟ್ಟರೆ ಮಾತಿಲ್ಲ. ‘ಅವ್ರಪ್ಪನೂ ತಡವಾಗೇ ಮಾತಾಡಿದ್ದು, ಬಜೆ ತೇಯ್ದು ನಾಲಿಗೆಗೆ ಹಚ್ಚು ಅಂದ್ರಕ್ಕ. ಒಂದೂವರೆ ವರ್ಷ ಹಚ್ಚಿದೆ’ ಅಂದಳು. ಇಲ್ಲಿ ಬಂದಾಗ ಮಾತಿನ ಮಾತೇ ಎತ್ತದೆ ಮೊದಲು ಕಿವಿ ಪರೀಕ್ಷೆ ಮಾಡಿದ್ದಾರೆ. ಎರಡೂ ಕಿವಿ ಮಂದ. ಕೇಳಿಸದ ಮಗು ಎಲ್ಲಿಂದ ಮಾತು ಕಲಿಯಬೇಕು? ಆ ಒಂದೂವರೆ ವರ್ಷವನ್ನು ನೆನೆದು ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಕೆಯ ಮಗನ ಥೆರಪಿಯನ್ನು ನಾನು ಗಾಜಿನ ಕಿಟಕಿಯಿಂದ ನೋಡಿದ್ದೇನೆ. ಹುಡುಗನಿಗೆ ಬೇಕಾದ ಆಟಿಕೆಯ ಆಟೋ ಹುಡುಗಿಯೊಬ್ಬಳ ಕೈಯಲ್ಲಿತ್ತು, ಆಕೆ ಅಲ್ಲಿನ ವಿದ್ಯಾರ್ಥಿನಿ. ‘ಹೇಳು, ಹೇಳು’ ಎನ್ನಲಿಲ್ಲ. ಅವನ ಕಣ್ಣಿನ ಮಟ್ಟಕ್ಕೆ ಕೂತು, ಒಂದು ಸಲ ‘ಆಟೋ’ ಅಂದು, ಸುಮ್ಮನಾದಳು. ಹುಡುಗ ಕೈ ಚಾಚಿದ. ಕಾದಳು. ಕಿರುಚಿದ. ಕಾದಳು. ಕೊನೆಗೆ ‘ತೋ’ ಎಂದ. ತಕ್ಷಣ ಆಟೋ ಅವನ ಕೈಯಲ್ಲಿತ್ತು.

ಅಪ್ಪನ ಮಾತಿನ ತೊಂದರೆಗೆ ಅಫೇಸಿಯಾ ಎಂದು ಹೆಸರು. ನಾಲಿಗೆಯ ತೊಂದರೆಯಲ್ಲ, ಬುದ್ಧಿಯದೂ ಅಲ್ಲ. ಅಪ್ಪನಿಗೆ ಎಲ್ಲ ಅರ್ಥವಾಗುತ್ತಿತ್ತು, ಹೇಳಬೇಕಾದದ್ದೂ ಒಳಗೆ ಇತ್ತು, ಪದ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಏನು ಕೇಳಿದರೂ ‘ಅದೇ, ಅದೇ’. 1861ರಲ್ಲಿ ಪ್ಯಾರಿಸ್ಸಿನಲ್ಲಿ ಪಾಲ್ ಬ್ರೋಕಾ ಎನ್ನುವ ವೈದ್ಯ ಇಂಥದೇ ಒಬ್ಬ ರೋಗಿಯನ್ನು ನೋಡಿದ್ದರಂತೆ, ಆತನಿಗೆ ‘ಟಾನ್’ ಎನ್ನುವುದೊಂದು ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಆತ ತೀರಿಕೊಂಡ ಮೇಲೆ ಮಿದುಳಿನ ಎಡಭಾಗದ ಮುಂದೆ ಪೆಟ್ಟು ಕಂಡಿತು. ಇದನ್ನು ನಮಗೆ ಹೇಳಿದ್ದು ಅಲ್ಲಿನ ಥೆರಪಿಸ್ಟ್. ಅಪ್ಪ ಗಮನವಿಟ್ಟು ಕೇಳಿ, ಎಡಗೈಯಿಂದ ತಮ್ಮ ತಲೆಯ ಎಡಭಾಗವನ್ನು ಮುಟ್ಟಿಕೊಂಡರು. ಅಲ್ಲಿಯವರೆಗೆ ಬಂದವರೆಲ್ಲ ಅಪ್ಪನ ಎದುರೇ ‘ಪಾಪ, ಏನೂ ತಿಳಿಯಲ್ವಾ?’ ಎಂದು ನಮ್ಮನ್ನು ಕೇಳುತ್ತಿದ್ದರು. ಅಂದಿನಿಂದ ಹಾಗೆ ಕೇಳಲು ನಾವು ಯಾರಿಗೂ ಬಿಡಲಿಲ್ಲ.

ಮೊದಲ ಕೆಲವು ವಾರ ಚಿತ್ರ ತೋರಿಸಿ ಹೆಸರು ಕೇಳುವುದು, ಹೌದು-ಇಲ್ಲ ಸರಿಪಡಿಸುವುದು. ಅಪ್ಪ ತಲೆಯಲ್ಲಿ ಹೌದು ಎಂದುಕೊಂಡು ಬಾಯಲ್ಲಿ ಇಲ್ಲ ಎನ್ನುತ್ತಿದ್ದರು. ಆಗ ಥೆರಪಿಸ್ಟ್, ಅಪ್ಪ ಯಾವ ಕೆಲಸದಲ್ಲಿದ್ದರು ಎಂದು ಕೇಳಿದರು. ಕಂಡಕ್ಟರ್ ಅಂದೆ. ಯಾವ ರೂಟು? ಮೈಸೂರು–ಗುಂಡ್ಲುಪೇಟೆ. ಮುಂದಿನ ಸಲ ಹೋದಾಗ ಅವರು ಬೇರೆ ಏನೂ ಕೇಳದೆ, ‘ಅಪ್ಪಾಜಿ, ಮೈಸೂರು ಬಿಟ್ರೆ?’ ಎಂದು ನಿಲ್ಲಿಸಿದರು. ಅಪ್ಪ ಅವರ ಮುಖ ನೋಡಿದರು. ತುಟಿ ಕೂಡಿತು, ಬಿಟ್ಟಿತು.

‘ಬಂ... ಬಂಡಿಪಾಳ್ಯ.’

ಆಮೇಲೆ ತಾನಾಗಿ ಹರಿಯಿತು: ‘ಕಡಕೊಳ, ನಂಜನಗೂಡು, ಬೇಗೂರು, ಗುಂಡ್ಲುಪೇಟೆ.’ ಅದೇ ಹಳೆಯ ರಾಗದಲ್ಲಿ, ಪ್ರತಿ ಊರಿನ ಬಾಲವನ್ನೂ ಎಳೆದು. ಅಮ್ಮ ಎದ್ದು ನಿಂತುಬಿಟ್ಟರು. ಮಾತು ಬಂದೇಬಿಟ್ಟಿತು ಎಂದುಕೊಂಡೆವು. ಥೆರಪಿಸ್ಟ್ ನಮ್ಮ ಸಂತೋಷವನ್ನು ಕೆಡಿಸದೆ, ಆದರೆ ಸ್ಪಷ್ಟವಾಗಿ ಹೇಳಿದರು: ‘ಇದು ಮಗ್ಗಿ ಇದ್ದ ಹಾಗೆ. ಸೋಮವಾರ, ಮಂಗಳವಾರ ಅನ್ನೋ ಹಾಗೆ. ಬಾಯಿಪಾಠ ಬೇರೆ ದಾರೀಲಿ ಬರುತ್ತೆ. ಈ ಸರದಿಂದ ಒಂದೊಂದೇ ಮಣಿ ಬಿಡಿಸಿ ತೆಗೀಬೇಕು.’

ಮಣಿ ಬಿಡಿಸುವುದು ಅಷ್ಟು ಕಷ್ಟ ಎಂದು ನನಗೆ ತಿಳಿದಿರಲಿಲ್ಲ. ‘ಶ್ರೀಕಂಠೇಶ್ವರನ ದೇವಸ್ಥಾನ ಯಾವ ಊರಲ್ಲಿದೆ?’ ಎಂದು ಕೇಳುವರು. ಅಪ್ಪ ಹುಟ್ಟಿ ಬೆಳೆದ, ನಾವಿರುವ ಊರು. ಉತ್ತರ ಒಳಗಿದೆ, ಮುಖದಲ್ಲಿ ಕಾಣುತ್ತಿದೆ. ಆದರೆ ಅಪ್ಪ ಬಂಡಿಪಾಳ್ಯದಿಂದ ಹೊರಟೇ ಅಲ್ಲಿಗೆ ಬರಬೇಕಿತ್ತು. ‘ಬಂಡಿಪಾಳ್ಯ, ಕಡಕೊಳ, ನಂಜನಗೂಡು’, ಅಲ್ಲಿ ನಿಲ್ಲಿಸಲು ಆಗದೆ ‘ಬೇಗೂರು’ ಎಂದು ಮುಂದೆ ಹೋಗಿಬಿಡುವರು. ಬಸ್ಸು ಸ್ಟಾಪ್ ದಾಟಿ ಹೋದ ಹಾಗೆ. ಥೆರಪಿಸ್ಟ್ ಮೊದಲು ‘ಕಡಕೊಳ’ ಎಂದು ತಾವೇ ಕೊಟ್ಟರು, ಆಮೇಲೆ ‘ನಂ’ ಎಂದಷ್ಟೇ ಕೊಟ್ಟರು, ಆಮೇಲೆ ‘ನ’ಕಾರಕ್ಕೆ ನಾಲಿಗೆ ಇಟ್ಟು ತೋರಿಸಿದರು, ಆಮೇಲೆ ಏನೂ ಕೊಡದೆ ಕಾದರು. ಯಾವ ಆಸರೆಯೂ ಇಲ್ಲದೆ ಅಪ್ಪ ಸೀದಾ ‘ನಂಜನಗೂಡು’ ಎಂದದ್ದು ಮೂರು ವಾರ ಕಳೆದ ಮೇಲೆ. ಆ ದಿನ ಅಪ್ಪನೂ ಅತ್ತರು.

ಟಿಕೆಟ್ ಕೇಳುವ ರಾಗವನ್ನೂ ಥೆರಪಿಸ್ಟ್ ಬಿಡಲಿಲ್ಲ. ‘ಟಿಕೆಟ್ ತಗೊಳ್ಳೀ’ ಎನ್ನುವ ಆ ಏರಿಳಿತಕ್ಕೆ ‘ನೀರು ಕೊಡೀ’, ‘ಊಟ ಆಯ್ತೂ’ ಎನ್ನುವುದನ್ನು ಹೊಂದಿಸಿ, ಅಪ್ಪನ ಎಡಗೈಯನ್ನು ಮೇಜಿನ ಮೇಲೆ ತಟ್ಟಿಸುತ್ತಾ ಹೇಳಿಸಿದರು. ಹಾಡಿನ ಏರಿಳಿತದ ಮೇಲೆ ಮಾತನ್ನು ಕೂರಿಸುವ ಈ ಪದ್ಧತಿ 1970ರ ದಶಕದಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ರೂಪುಗೊಂಡದ್ದು. ನಮ್ಮ ಮನೆಯಲ್ಲಿ ಅದು ಗುಂಡ್ಲುಪೇಟೆ ಬಸ್ಸಿನ ರಾಗದಲ್ಲಿ ನಡೆಯಿತು. ಆರು ತಿಂಗಳ ಹೊತ್ತಿಗೆ ಪದಗಳು ಬಂದವು, ಪದಗಳ ಕೊನೆಗಳು ಬರಲಿಲ್ಲ. ಕನ್ನಡದಲ್ಲಿ ಯಾರು, ಯಾವಾಗ, ಎಲ್ಲಿಂದ ಎನ್ನುವುದೆಲ್ಲ ಪದದ ಬಾಲದಲ್ಲೇ ಇರುತ್ತದಲ್ಲ. ‘ತಮ್ಮ ಅಂಗಡಿಯಿಂದ ಹಾಲು ತಂದ’ ಎನ್ನಲು ಅಪ್ಪ ‘ತಮ್ಮ... ಅಂಗಡಿ... ಹಾಲು’ ಎನ್ನುವರು. ತಂದನೋ, ತರಬೇಕೋ, ತರಲಿಲ್ಲವೋ ನಾವು ಕೇಳಿ ತಿಳಿದುಕೊಳ್ಳಬೇಕು.

ನಾವು ಎಲ್ಲಿ ತಪ್ಪು ಮಾಡುತ್ತಿದ್ದೆವು ಎಂದರೆ, ಕೇಳಿ ತಿಳಿದುಕೊಳ್ಳುತ್ತಲೇ ಇರಲಿಲ್ಲ. ಅಪ್ಪ ‘ಕಾ...’ ಎನ್ನುವಷ್ಟರಲ್ಲಿ ‘ಕಾಫಿ ಬೇಕಾ?’ ಎಂದು ಅಮ್ಮ ಎದ್ದಾಗಿರುತ್ತಿತ್ತು. ಅವರಿಗೆ ಬೇಕಿದ್ದದ್ದು ಕಾಲು ಚಾಚಲು ಒಂದು ದಿಂಬು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಎಂದು ಥೆರಪಿಸ್ಟ್ ಹೇಳಿದ್ದರು. ಎಣಿಸಿ ನೋಡಿ, ಮನೆಯವರ ಕಷ್ಟದ ಮುಖದ ಎದುರು ಹತ್ತು ಸೆಕೆಂಡು ಬಹಳ ದೊಡ್ಡದು. ಮೂರಕ್ಕೇ ನನ್ನ ಬಾಯಿ ತೆರೆಯುತ್ತಿತ್ತು. ಅಂದು ಆಸ್ಪತ್ರೆಯಲ್ಲಿ ನೀರು ಹಾಕಲು ಮುಂದಾದ ಕೈ, ಇಂದು ಮಾತು ಹಾಕಲು ಮುಂದಾಗುವ ಬಾಯಿ, ಎರಡರ ಹಿಂದೆಯೂ ಇದ್ದದ್ದು ಅದೇ ಪ್ರೀತಿ. ಅದನ್ನು ಹಿಡಿದು ನಿಲ್ಲಿಸಲು ನನಗೆ ಒಂದು ವರ್ಷ ಬೇಕಾಯಿತು.

ನಿಲ್ಲಿಸಿದ್ದು ಕೂಡ ಅಪ್ಪನೇ. ಒಂದು ದಿನ ಪೆನ್ಷನ್ ವಿಷಯಕ್ಕೆ ಏನೋ ಹೇಳಲು ಹೊರಟಿದ್ದರು. ನಾನು ‘ಬ್ಯಾಂಕಾ? ಪಾಸ್‌ಬುಕ್ಕಾ? ತಮ್ಮನಾ?’ ಎಂದು ಒಂದರ ಮೇಲೊಂದು ಎಸೆಯುತ್ತಿದ್ದೆ. ಅಪ್ಪ ಎಡಗೈ ಎತ್ತಿ ಪಡಸಾಲೆ ಅದುರುವ ಹಾಗೆ ಕೂಗಿದರು: ‘ಹೋಲ್ಡಾನ್!’ ಬಸ್ಸು ನಿಲ್ಲಿಸಲು ಮೂವತ್ತೊಂದು ವರ್ಷ ಕೂಗಿದ ಮಾತು. ನಾನು ನಿಂತೆ. ಅವರು ಒಂದೊಂದೇ ಪದ ಹುಡುಕಿ, ಲೈಫ್ ಸರ್ಟಿಫಿಕೇಟ್ ಕೊಡಬೇಕು ಎನ್ನುವುದನ್ನು ಹೇಳಿ ಮುಗಿಸಿದರು. ಥೆರಪಿಸ್ಟ್‌ಗೆ ಇದನ್ನು ಹೇಳಿದಾಗ ಅವರು ಫೈಲಿನಲ್ಲಿ ಬರೆದುಕೊಂಡರು. ಅಂದಿನಿಂದ ನಮ್ಮ ಮನೆಯಲ್ಲಿ ‘ಹೋಲ್ಡಾನ್’ ಅಂದರೆ ಎಲ್ಲರ ಬಾಯಿಯೂ ಬಂದ್.

ಒಂದೆರಡು ಸಂಗತಿ ಬೇರೆಯವರಿಗೂ ಉಪಯೋಗಕ್ಕೆ ಬರಲಿ. ಮಾತಿನ, ನುಂಗುವಿಕೆಯ ಥೆರಪಿ ಮಾಡುವವರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು, ಸಂಕೋಚವಿಲ್ಲದೆ ಕೇಳಿ. ಉಳಿದುಬಿಟ್ಟ ಅಫೇಸಿಯಾವನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾತು ಮತ್ತು ಭಾಷೆಯ ಅಂಗವೈಕಲ್ಯ ಎಂದು ಗುರುತಿಸುತ್ತದೆ, ಅದಕ್ಕೆ ಸರ್ಟಿಫಿಕೇಟ್ ಇದೆ. ಮೊದಲ ತಿಂಗಳುಗಳಲ್ಲಿ ಸುಧಾರಣೆ ಬೇಗ, ಆಮೇಲೆ ನಿಧಾನ, ಆದರೆ ನಿಂತುಹೋಗುವುದಿಲ್ಲ. ಆರು ತಿಂಗಳಾಯಿತು, ಇನ್ನು ಇಷ್ಟೇ ಎಂದು ಹೇಳುವವರ ಮಾತು ಕೇಳಿ ಥೆರಪಿ ಬಿಟ್ಟುಬಿಟ್ಟ ಇಬ್ಬರನ್ನು ನಾನು ಬಲ್ಲೆ. ಅಪ್ಪನಿಗೆ ಎರಡನೆಯ ವರ್ಷದಲ್ಲೂ ಹೊಸ ಪದ ಬಂದಿವೆ.

ಆ ವರ್ಷದ ಕೊನೆಗೆ ಅವರೆಕಾಯಿ ಕಾಲ ಬಂತು. ಕಾಳಿನ ಸಿಪ್ಪೆ ಬೇಡ ಎಂದಿದ್ದರಲ್ಲ, ಹಿತಕವರೆಗೆ ಸಿಪ್ಪೆ ಎಲ್ಲಿದೆ! ಅಮ್ಮ ರಾತ್ರಿಯೆಲ್ಲ ನೆನೆಸಿದ ಕಾಳನ್ನು ಒಂದೊಂದಾಗಿ ಹಿತುಕಿ, ಬೇಯಿಸಿ, ನುಣ್ಣಗೆ ಮಸೆದು, ಮಂದವಾದ ಸಾರು ಮಾಡಿದರು. ಮುದ್ದೆಗೆ ಇನ್ನೂ ಒಪ್ಪಿಗೆ ಸಿಕ್ಕಿರಲಿಲ್ಲ, ಇಂದಿಗೂ ಸಿಕ್ಕಿಲ್ಲ. ಮೆತ್ತಗಿನ ಅನ್ನಕ್ಕೇ ಕಲಸಿ ಉಣಿಸಿದೆ. ಅಪ್ಪ ಗದ್ದ ಬಗ್ಗಿಸಿ ನುಂಗಿದರು. ‘ಉಪ್ಪು... ಕಮ್ಮಿ’ ಎಂದರು. ಅಮ್ಮ ಎಷ್ಟೋ ತಿಂಗಳ ಮೇಲೆ ಅವರ ಮೇಲೆ ರೇಗಿದರು.

ಅಪ್ಪನ ಜತೆ ಚೆನ್ನಾಗಿ ಮಾತಾಡುವವರು ನಮ್ಮ ಮನೆಯವರಲ್ಲ, ಡ್ರೈವರ್ ಮಾವ. ಹದಿನಾಲ್ಕು ವರ್ಷ ಇಬ್ಬರೂ ಒಂದೇ ಬಸ್ಸು. ಪ್ರತಿ ಭಾನುವಾರ ಬರುತ್ತಾರೆ. ಯಾವ ಥೆರಪಿಯ ವಿಷಯವೂ ಅವರಿಗೆ ಗೊತ್ತಿಲ್ಲ. ಅಪ್ಪನ ಎದುರು ಕುರ್ಚಿ ಹಾಕಿಕೊಂಡು ಕೂತು, ಒಂದು ಮಾತು ಕೇಳಿ, ಆಮೇಲೆ ಎಷ್ಟು ಹೊತ್ತಾದರೂ ಹಾಗೇ ಕೂತಿರುತ್ತಾರೆ. ಅದು ಹೇಗೆ ಸಾಧ್ಯ ಮಾವ ಎಂದು ಒಮ್ಮೆ ಕೇಳಿದೆ. ‘ಕಂಡಕ್ಟ್ರು ಹೇಳೋಗಂಟ ಗಾಡಿ ಎತ್ತಂಗಿಲ್ಲ ಕಣವ್ವ’ ಎಂದರು.

ಕಳೆದ ಭಾನುವಾರ ಸಂಜೆ ಬಂದಾಗ, ದೇವಸ್ಥಾನದ ತನಕ ಹೋಗಿ ಬರೋಣ್ವಾ ಎಂದು ಕೇಳಿ, ಅಪ್ಪನ ಊರುಗೋಲನ್ನು ಕೈಗೆ ಕೊಟ್ಟು ನಿಂತರು. ಅಪ್ಪ ಎಡಗಾಲಿಗೆ ಚಪ್ಪಲಿ ಮೆಟ್ಟಿಕೊಂಡರು. ಬಲಗಾಲನ್ನು ತೂರಿಸಲು ಹೊತ್ತು ಹಿಡಿಯಿತು. ನಾನು ಬಗ್ಗಲು ಹೋದವಳು ಹಾಗೇ ಬಾ‌ಗಿಲ ಕಂಬ ಹಿಡಿದು ನಿಂತೆ. ಮಾವ ಬೀದಿಯ ಕಡೆ ನೋಡುತ್ತಾ ಕಾದರು. ಅಪ್ಪ ಕೋಲೂರಿ ಎದ್ದು, ಹೊಸ್ತಿಲ ಮುಂದೆ ನಿಂತು, ಉಸಿರು ಎಳೆದುಕೊಂಡರು.

‘ರೈಟ್.’